ಉರಿಯುವ ಲಾರಿ ಓಡಿಸಿದವನು

ಚಂದ್ರಗುತ್ತಿ ಗುಡ್ಡದ ಬುಡದಲ್ಲಿ ಹುಟ್ಟಿದ ಚೌಡೇಶನಿಗೆ ಚಿಕ್ಕಂದಿನಿಂದಲೂ ಗಾಲಿ ಇರುವುದೆಲ್ಲ ಪ್ರಾಣ. ಕಂಡವರ ಟ್ರ್ಯಾಕ್ಟರಿನಲ್ಲಿ ಕೈ ಪಳಗಿಸಿಕೊಂಡು ಸೈನ್ಯಕ್ಕೆ ಚಾಲಕನಾಗಿ ಸೇರಿದ. ಹೆಂಡತಿ ಶ್ರೀಲತಾ ಶಿಕಾರಿಪುರದ ಬಾಡಿಗೆ ಮನೆಯಲ್ಲಿ ಬಟ್ಟೆ ಹೊಲಿಯುತ್ತ ಮಗಳು ಸಂಘಮಿತ್ರಾಳನ್ನು ಸಾಕುತ್ತಿದ್ದಳು. ಫೋನು ಮಾಡಿದಾಗಲೆಲ್ಲ ಅವನು ಕೇಳುವುದು ಒಂದೇ: "ಇವತ್ತು ಏನು ಸಾರು?" ಗಡಿಯಲ್ಲಿ ಯುದ್ಧ ಶುರುವಾದ ಮೇಲೂ ಅದೇ ಪ್ರಶ್ನೆ. ಅಲ್ಲಿಯ ಸುದ್ದಿ ಎತ್ತಿದರೆ, "ಇಲ್ಲೇನಿದೆ ಮಾರಾಯ್ತಿ, ಬರೀ ಚಳಿ" ಎಂದು ಮಾತು ಹಾರಿಸುತ್ತಿದ್ದ.

ಒಂದು ದಿನ ಸೈನ್ಯದ ಆಸ್ಪತ್ರೆಯಿಂದ ಫೋನು ಬಂತು. ಜೀವಕ್ಕೆ ಅಪಾಯವಿಲ್ಲ, ಎರಡೂ ಕೈ ಸುಟ್ಟಿವೆ ಎಂದರು.

ಊರಿಗೆ ಬಂದವನ ಕೈಗಳನ್ನು ಶ್ರೀಲತಾ ತಿರುಗಿಸಿ ತಿರುಗಿಸಿ ನೋಡಿದಳು. ಚರ್ಮ ಎಳೆದುಕೊಂಡು ಬೆರಳು ಮಡಚಲು ಬಾರದು. ಎಡಗೆನ್ನೆಯೂ ಬೆಂದಿತ್ತು. "ಲಾರಿಗೆ ಬೆಂಕಿ ಹತ್ತಿತ್ತು" ಎಂದಷ್ಟೇ ಹೇಳಿದ. ಪುಟ್ಟ ಮಗಳು ಅಪ್ಪನನ್ನು ಕಂಡು ಹೊಲಿಗೆ ಯಂತ್ರದ ಹಿಂದೆ ಅಡಗಿದಳು.

ನಡೆದದ್ದನ್ನು ಹೇಳಿದವನು ಉಚ್ಚಂಗಪ್ಪ, ಅದೇ ತುಕಡಿಯ ಜೊತೆಗಾರ, ಹರಪನಹಳ್ಳಿ ಕಡೆಯವನು. ನೋಡಲು ಬಂದಿದ್ದವನು, ಚೌಡೇಶ ಸ್ನಾನಕ್ಕೆ ಹೋದಾಗ ಬಾಯಿಬಿಟ್ಟ.

"ಅಕ್ಕಾರ, ಲಾರಿ ತುಂಬ ಮದ್ದುಗುಂಡು ಇತ್ರಿ. ಶೆಲ್ ಬಿದ್ದು ಟಾರ್ಪಾಲಿಗೆ ಬೆಂಕಿ ಹತ್ತಿತು. ಪಕ್ಕದ ಡೇರೇದಾಗ ಗಾಯ ಆದೋರು ಮಲಗಿದ್ವಿ. ನನ್ನ ಕಾಲು ಮುರಿದಿತ್ತು, ಎದ್ದು ಓಡೋ ಹಂಗಿರ್ಲಿಲ್ಲ. 'ದೂರ ಹೋಗ್ರಿ' ಅಂತ ಎಲ್ಲಾರೂ ಕೂಗಾಕತ್ತಿದ್ರ, ಚೌಡೇಶಣ್ಣ ಲಾರಿ ಹತ್ತಿಬಿಟ್ರು. ಸುಡೋ ಸ್ಟೇರಿಂಗ್ ಹಿಡ್ಕೊಂಡು ಕೆಳಗಿನ ತಿರುವಿನ ತನಕ ಓಡಿಸಿ, ಕಮರಿ ಕಡೆ ತಿರುಗಿಸಿ ಜಿಗಿದ್ರು. ಆಮ್ಯಾಲೆ ಆದ ಸದ್ದು ಇನ್ನೂ ಕಿವಿಯಾಗೈತಿ. ಡೇರೇದಾಗಿದ್ದ ಒಬ್ಬರಿಗೂ ಏನೂ ಆಗ್ಲಿಲ್ರಿ."

ಉಚ್ಚಂಗಪ್ಪ ಹೋದ ಮೇಲೆ ಊಟಕ್ಕೆ ಕೂತರು. ಅನ್ನ ಕಲಸಿ ಗಂಡನ ಬಾಯಿಗಿಡುವುದು ಈಗ ಶ್ರೀಲತಾಳ ಕೆಲಸ. ಆವತ್ತು ತುತ್ತು ಎತ್ತಿದ ಕೈ ನಡುವೆಯೇ ನಿಂತಿತು.

"ಲಾರಿ ಹತ್ತುವಾಗ ನಮ್ಮಿಬ್ಬರ ನೆನಪು ಬರ್ಲಿಲ್ವಾ ನಿಮಗೆ?"

ಚೌಡೇಶ ತಲೆ ತಗ್ಗಿಸಿದ. "ಬಂತು. ಅದಕ್ಕೇ ಕಾಲು ನಡುಗ್ತು. ಆದ್ರೆ ಆ ಡೇರೇಲಿದ್ದವರ ಮನೇಲೂ ನಿನ್ನಂಥವಳೊಬ್ಬಳು ಫೋನು ಕಾಯ್ತಿರ್ತಾಳಲ್ಲ ಶ್ರೀಲತಾ."

ಅವಳಿಗೆ ಸಿಟ್ಟೂ ಬಂತು, ಅಳುವೂ ಬಂತು. ಎರಡನ್ನೂ ನುಂಗಿಕೊಂಡು, "ಬಾಯಿ ತೆಗೀರಿ, ಸಾರು ಆರ್ತದೆ" ಎಂದಳು.

ಸಂಘಮಿತ್ರಾ ಅಪ್ಪನ ಹತ್ತಿರ ಬರಲು ಮಳೆಗಾಲವೇ ಕಳೆಯಬೇಕಾಯಿತು. ವೈದ್ಯರು ಬೆರಳಿಗೆ ಹೇಳಿಕೊಟ್ಟ ಕಸರತ್ತೆಂದು ಅವನು ಗೋಧಿಹಿಟ್ಟಿನ ಮುದ್ದೆ ಹಿಚುಕುತ್ತ ಕೂರುತ್ತಿದ್ದ. ದೂರದಿಂದ ನೋಡುತ್ತಿದ್ದ ಮಗಳಿಗೆ ಆಸೆ ತಡೆಯಲಿಲ್ಲ. ಒಂದು ಸಂಜೆ ಬಂದು ಚೂರು ಕಿತ್ತುಕೊಂಡಳು.

"ಇದು ಆನೆ."

"ಸೊಂಡಿಲೆಲ್ಲಿ?"

ಅವನ ಅಂಗೈ ಮೇಲೇ ಹಿಟ್ಟು ಹೊಸೆದು ಸೊಂಡಿಲು ಮಾಡಿದಳು. ಆಮೇಲೆ ಆ ಒರಟು ಚರ್ಮ ಮುಟ್ಟಿ, "ನೋಯ್ತದಾ ಅಪ್ಪ?" ಎಂದಳು. ಅವನು ಇನ್ನೊಂದು ಅಂಗೈಯನ್ನೂ ಅವಳ ಮುಂದೆ ಚಾಚಿದ. ಬಾಗಿಲಲ್ಲಿ ನಿಂತಿದ್ದ ಶ್ರೀಲತಾ ಸದ್ದಿಲ್ಲದೆ ಒಳಗೆ ಸರಿದಳು.

ವಾಹನ ಓಡಿಸುವಷ್ಟು ಬಿಗಿ ಕೈಗೆ ಮರಳಲಿಲ್ಲ; ಸೈನ್ಯ ಪಿಂಚಣಿ ಕೊಟ್ಟು ಕಳಿಸಿತು. ಆದರೂ ಈಗ ಚೌಡೇಶ ಶಿಕಾರಿಪುರದಲ್ಲಿ ಹೆಂಗಸರಿಗೆ ಕಾರು ಕಲಿಸುತ್ತಾನೆ. ತಾನು ಪಕ್ಕದಲ್ಲಿ ಕೂರುತ್ತಾನೆ, ಅವನ ಕಾಲಡಿಗೂ ಒಂದು ಬ್ರೇಕಿದೆ. ಮೊದಲು ಕಲಿತವಳು ಶ್ರೀಲತಾ. ಸೊರಬ ದಾಟಿ ಚಂದ್ರಗುತ್ತಿಯ ಏರಿನಲ್ಲಿ ಅವಳ ಕಾರು ನಿಂತುಹೋದ ದಿನ, ಹಿಂದಿನ ಬಸ್ಸಿನವನು ಹಾರ್ನ್ ಹೊಡೆದದ್ದೇ ಹೊಡೆದದ್ದು. "ಹೊಡ್ಕೊಳ್ಳಲಿ ಬಿಡು. ನೀನು ಕ್ಲಚ್ ಮೆಲ್ಲಗೆ ಬಿಡು" ಎಂದ ಚೌಡೇಶ. ಕಾರು ಏರಿ, ಅವನು ಹುಟ್ಟಿದ ಮನೆಯ ಮುಂದೆ ನಿಂತಿತು. ಅವನ ಅವ್ವ ಗುಡ್ಡಮ್ಮ ಅಂಗಳಕ್ಕೆ ಬಂದು, ಸೊಸೆ ಚಾಲಕನ ಸೀಟಿನಿಂದ ಇಳಿಯುವುದನ್ನು ನೋಡಿ ಬಾಯಿ ಮೇಲೆ ಕೈಯಿಟ್ಟುಕೊಂಡಳು.