ಮಲ್ಕಾದ ಮೇಲೆ ಬಿತ್ತಿದ ಅಲಸಂದಿ

ಬಾಗಿಲು ತೆಗೆದರೆ ಎದುರಿಗೆ ದನ. ಹತ್ತಿಪ್ಪತ್ತಲ್ಲ, ಕಣ್ಣು ಹಾಯುವವರೆಗೂ ಬರೀ ಕೊಂಬು. ನಾನು ಹಾಕಿಸಿದ ಮುಳ್ಳುಬೇಲಿಯ ಆಚೆ ಸದ್ದಿಲ್ಲದೆ ನಿಂತು ನನ್ನನ್ನೇ ನೋಡುತ್ತಿದ್ದವು. ಕೀನ್ಯಾದ ತಾನಾ ನದಿಯ ದಂಡೆಗೆ ಬಂದು ಆರು ತಿಂಗಳಾಗಿತ್ತು. ಸಿಂಹ, ಹಾವು, ಮಲೇರಿಯಾ ಎಂದು ಏನೇನಕ್ಕೋ ಹೆದರಿ ನಿದ್ದೆಗೆಟ್ಟಿದ್ದ ನಾನು ದನಕ್ಕೆ ಹೆದರಬೇಕಾದೀತೆಂದು ಎಣಿಸಿರಲಿಲ್ಲ.

ಸುರಪುರದ ಹತ್ತಿರದ ದೇವಾಪುರ ನನ್ನದು. ಕಾಲುವೆ ನೀರು ಬಂದ ಮೇಲೆ ಜೋಳದ ಹೊಲಗಳನ್ನು ಭತ್ತದ ಮಡಿ ಮಾಡಿಸಿ ಪಳಗಿದವನೆಂದು ಇಲ್ಲಿನ ತೋಟವೊಂದಕ್ಕೆ ಕರೆಸಿಕೊಂಡಿದ್ದರು. ಉಗಾಲಿ, ಅಂದರೆ ಮೆಕ್ಕೆಜೋಳದ ಗಟ್ಟಿ ಮುದ್ದೆ, ಹೊಟ್ಟೆಗೆ ಒಗ್ಗಿತು. ರೊಟ್ಟಿ ಬಡಿಯುವ ಸದ್ದಿಲ್ಲದ ಮುಂಜಾನೆ ಮಾತ್ರ ಒಗ್ಗಲಿಲ್ಲ.

ತೋಟದ ನಡುವೆ ನದಿಯವರೆಗೂ ಅಗಲವಾದ ಪಟ್ಟಿಯೊಂದು ಬೀಳು ಬಿದ್ದಿತ್ತು. ಕಾಲುವೆ ಬಂದ ಮೇಲೆ ನಮ್ಮ ಕಡೆ ಗೇಣು ನೆಲ ಬೀಳು ಬಿಟ್ಟವನನ್ನೂ ಸೋಮಾರಿ ಅನ್ನುತ್ತೇವೆ. ಮೇಸ್ತ್ರಿ ಯೋಹಾನ ತನ್ನೂರಿಗೆ ಹೋಗಿದ್ದಾಗ ಅದನ್ನು ಉಳುಮೆ ಮಾಡಿಸಿ, ಅಲಸಂದಿ ಬಿತ್ತಿಸಿ, ಬೇಲಿ ಕಟ್ಟಿಸಿ ಶಹಬ್ಬಾಸ್‌ಗಿರಿಗೆ ಕಾದು ಕೂತಿದ್ದೆ.

ಅದು ಬೀಳಲ್ಲ, ಮಲ್ಕಾ. ಬೇಸಿಗೆಯಲ್ಲಿ ಒಣಬಯಲಿನಿಂದ ಬರುವ ದನಗಳು ನೀರಿಗಿಳಿಯಲೆಂದು ರೈತರು ಬಿಟ್ಟ ದಾರಿ. ಬೇಲಿಯಾಚೆಯ ಮುದುಕ ದನಗಾರ ಬೈಯಲಿಲ್ಲ. ಮೂರು ದಿನದಿಂದ ಇವು ನೀರು ಕಂಡಿಲ್ಲ ಎಂದಷ್ಟೇ ಹೇಳಿದ. ಒಂದು ಆಕಳು ಆಗಲೇ ಮಂಡಿಯೂರಿತ್ತು.

ಆ ಬೆಳಿಗ್ಗೆಯೇ ಬಸ್ಸಿಳಿದು ಬಂದ ಯೋಹಾನ ಚೀಲ ಎಸೆದು ಮಚ್ಚು ಹಿಡಿದ. ನನಗಿರಬೇಕೆಂದು ಎರಡು ಹೆಜ್ಜೆ ಹಿಂದೆ ಸರಿದೆ. ಅವನು ಬೇಲಿ ಕಡಿಯತೊಡಗಿದ. ಹೋದ ವರ್ಷ ಇದೇ ದನಗಳು ಅವನ ಜೋಳ ಮೇದು ದೊಡ್ಡ ಜಗಳವಾಗಿತ್ತಂತೆ. ಆದರೂ ಮಲ್ಕಾ ಮುಚ್ಚುವ ಮಾತು ಇಲ್ಲಿನ ರೈತರಾರೂ ಎತ್ತಿರಲಿಲ್ಲ. ನಾನೂ ಬರಿಗೈಯಲ್ಲಿ ಮುಳ್ಳು ಎಳೆದೆ. ದನಗಳು ಹಾದುಹೋದವು. ಅಲಸಂದಿ ಕೆಸರಾಯಿತು. ಮಂಡಿಯೂರಿದ ಆಕಳು ಏಳಲಿಲ್ಲ.

ಮಧ್ಯಾಹ್ನ ಹೆಂಡತಿ ನಾಗಮ್ಮನ ಫೋನು.

“ಭಾವನೋರು ಕುರಿ ಹಾದಿಗೂ ಭತ್ತ ಹಚ್ಚತೀನಿ ಅನ್ನಾಕತ್ತಾರ್ರಿ,” ಎಂದಳು. ಭಾವ ಎಂದರೆ ನನ್ನಣ್ಣ. ಕುರಿಗಳು ಹಳ್ಳಕ್ಕಿಳಿಯುವ ಹಾದಿ ಅದೊಂದೇ ಉಳಿದಿದೆ. ಮಿಕ್ಕವನ್ನೆಲ್ಲ ಮಡಿ ಮಾಡಿಸಿದವನು ನಾನೇ.

“ಬ್ಯಾಡ ಅನ್ನು. ಕುರಿ ಎಲ್ಲಿ ನೀರು ಕುಡೀಬೇಕು?”

“ಈಗ ನೆನಪಾದ್ವೇನ್ರಿ ಕುರಿ?” ಎಂದು ನಕ್ಕಳು. “ನಾ ಹೇಳಿದ್ರ ಕೇಳ್ತಾರೇನು? ಟ್ರ್ಯಾಕ್ಟರ್ ಆಗಲೇ ಹೊಲಕ್ಕ ಹೋಗ್ಯಾದ.”

ಅಣ್ಣನಿಗೆ ಫೋನು ಹಚ್ಚಿದೆ. ಎತ್ತಲಿಲ್ಲ. ಮತ್ತೆ ಹಚ್ಚಿದೆ. ಟ್ರ್ಯಾಕ್ಟರ್ ಸದ್ದಿನಲ್ಲಿ ಕೇಳಿಸಿರಲಿಕ್ಕಿಲ್ಲ. ಆಕಳನ್ನು ದಾರಿಯಿಂದ ಸರಿಸಬೇಕು ಬಾ ಎಂದು ಯೋಹಾನ ಕೂಗುತ್ತಿದ್ದ. ರಿಂಗಾಗುತ್ತಿದ್ದ ಫೋನನ್ನು ಕಿವಿಗೆ ಹಿಡಿದುಕೊಂಡೇ ಹೋದೆ.