ಕಣದಲ್ಲಿ ಖಾಲಿ ಅನ್ನಬಾರದು

ಎಳೆಯ ನಕ್ಷತ್ರದ ಸುತ್ತ ದೂಳು ತಟ್ಟೆಯ ಹಾಗೆ ಹರಡಿಕೊಂಡು ಸುತ್ತುತ್ತಿರುತ್ತದೆ. ಆ ದೂಳೇ ಅಂಟಿ, ಗಂಟಾಗಿ, ಕೊನೆಗೆ ಗ್ರಹವಾಗುತ್ತದೆ. ಬೆಳೆಯುವ ಗ್ರಹ ತನ್ನ ದಾರಿಯ ದೂಳನ್ನು ಸರಿಸುವುದರಿಂದ ತಟ್ಟೆಯಲ್ಲಿ ಬಳೆಯಂಥ ಕಪ್ಪು ಗೆರೆ ಬೀಳುತ್ತದೆ. ಇಂಥ ಗೆರೆಗಳನ್ನು ಹುಡುಕುವುದೇ ನನ್ನ ಕೆಲಸ. ಹಲಗೂರಿನ ಹತ್ತಿರದ ನಮ್ಮೂರಲ್ಲಿ ಇದನ್ನು ವಿವರಿಸುವುದು ಕಷ್ಟವೇನಲ್ಲ. ರಾಗಿ ಕಣದಲ್ಲಿ ಟ್ರ್ಯಾಕ್ಟರ್ ಸುತ್ತಿದ ದಾರಿ ತೋರಿಸಿದರೆ ಸಾಕು. ಕಷ್ಟವೆಂದರೆ ನನ್ನ ಸೋದರತ್ತೆಯ ಬಾಯಿ ಮುಚ್ಚಿಸುವುದು.

ಹೋದ ಸಲ ಊರಿಗೆ ಬಂದಾಗ ನಾನು ನೋಡುತ್ತಿದ್ದ ನಕ್ಷತ್ರದ ಪಟ ತೋರಿಸಿ, "ಈ ಗೆರೆಯಲ್ಲಿ ಒಂದು ಗ್ರಹ ಇರಬಹುದು ಅತ್ತೆ" ಅಂದಿದ್ದೆ. 'ಇರಬಹುದು' ಅನ್ನುವುದನ್ನು ಆಕೆ ಅಲ್ಲೇ ಉದುರಿಸಿಬಿಟ್ಟಳು. ಹಲಗೂರು ಬಸ್‌ಸ್ಟಾಂಡಿನ ಹೂವಿನಾಕೆಯಿಂದ ಹಿಡಿದು ಮುತ್ತತ್ತಿ ಬಸ್ಸಿನ ಕಂಡಕ್ಟರ್‌ವರೆಗೆ, "ನಮ್ಮುಡ್ಗಿ ಒಸಾ ಲೋಕ ಕಂಡಿಡ್ದವ್ಳೆ" ಎಂದು ಸಾರಿದಳು.

ಈ ಸಲ ಕಣದಲ್ಲಿ ರಾಗಿ ತೂರುತ್ತಿದ್ದಾಗ ಕೆಲಸದ ಜೊತೆಗಾರನ ಸಂದೇಶ ಫೋನಿಗೆ ಬಂತು. ದೊಡ್ಡ ದೂರದರ್ಶಕದಿಂದ ಆ ಗೆರೆಯನ್ನೇ ಕಣ್ಣು ನೆಟ್ಟು ನೋಡಿದ್ದರು. ಏನೂ ಕಂಡಿರಲಿಲ್ಲ. ಎಷ್ಟು ವರ್ಷದ ಕೆಲಸ!

"ಯಾಕ್ ಮಗ, ಮೊಕ ಅಂಗ್ ಮಾಡ್ಕಂಡೆ?" ಅತ್ತೆ ಮೊರ ಕೆಳಗಿಳಿಸಿದಳು.

"ಅಲ್ಲಿ ಗ್ರಹ ಇಲ್ಲ ಅತ್ತೆ. ಖಾಲಿ."

"ಥೂ! ಕಣ್ದಲ್ಲಿ ನಿಂತ್ಕಂಡು ಖಾಲಿ ಅಂತೀಯಾ? ಬುಡ್ತು ಅನ್ನು!"

ನಮ್ಮ ಕಡೆ ರಾಶಿಯ ಮುಂದೆ ಆ ಮಾತು ಆಡುವಂತಿಲ್ಲ. ಚೀಲ ಬರಿದಾದರೂ 'ಹೆಚ್ಚಿತು' ಅನ್ನಬೇಕು. ನನಗೋ ಸಿಟ್ಟು. ಆಕೆ ಬಿಡಬೇಕಲ್ಲ! ಕೊನೆಗೆ "ಬಿಡ್ತು" ಅಂದೆ.

ಆ ಮಾತು ಬಿಟ್ಟ ಮೇಲೆ ಬೇರೆ ಮಾತು ಬೇಕಾಯಿತು. ಏನನ್ನಲಿ? ಗೆರೆಯಂತೂ ಇದೆ. ಹಾಗಾದರೆ ದೂಳು ಸರಿಸಿದ್ದು ಯಾರು? ಗ್ರಹವಿಲ್ಲದೆಯೂ ಇಂಥ ಗೆರೆ ಬೀಳಬಹುದು, ಅದೂ ನಿಜ. ಆದರೆ ಆ ದೂರದರ್ಶಕಕ್ಕೆ ಕಾಣುವುದು ದೊಡ್ಡ ಗ್ರಹ ಮಾತ್ರ. ಎಷ್ಟು ಸಣ್ಣದಾದರೆ ಅದರ ಕಣ್ಣಿಗೆ ಬೀಳುವುದಿಲ್ಲ? ತಲೆಗೆ ಹುಳ ಹೊಕ್ಕಿತು. ಹೊಟ್ಟು ಮೆತ್ತಿದ ಬೆರಳಲ್ಲೇ ಜೊತೆಗಾರನಿಗೆ ಬರೆದೆ: ಖಾಲಿ ಅನ್ನಬೇಡ ಮಾರಾಯ, ನಮಗೆ ಕಾಣುವಷ್ಟು ದೊಡ್ಡದು ಇಲ್ಲ ಅನ್ನು. ಎಷ್ಟು ದೊಡ್ಡದು ಅಂತ ಲೆಕ್ಕ ಹಾಕೋಣ.

ಅತ್ತೆಗೂ ಅಷ್ಟನ್ನೇ ಹೇಳಿದೆ. ಆಕೆ ಮತ್ತೆ ಮೊರ ಎತ್ತಿಕೊಂಡಳು. ಊರಿಗೆಲ್ಲ ಸಾರಿದ್ದನ್ನು ಈಗ ಹೇಗೆ ನುಂಗುತ್ತಾಳೋ ಎಂದು ನನಗೆ ಸಂಕಟವಾಯಿತು.

ಮರುದಿನ ನನ್ನನ್ನು ಬಸ್ಸು ಹತ್ತಿಸಲು ಹಲಗೂರಿಗೆ ಬಂದಳು. ಹೂವಿನಾಕೆ ಬಿಡುತ್ತಾಳೆಯೇ? "ಎಲ್ಲವ್ವ ನಿಮ್ಮುಡ್ಗಿ ಲೋಕ? ಕಣ್ಗೆ ಬಿತ್ತಾ?" ಎಂದು ಎಲ್ಲರಿಗೂ ಕೇಳುವ ಹಾಗೆ ಕೂಗಿದಳು. ನಾನು ನೆಲ ನೋಡಿದೆ.

ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಇನ್ನೂ ಎಳೇದು ಕಣಮ್ಮಿ. ಮೂರ್ ತಿಂಗ್ಳಿಗೇ ಒಟ್ಟೆ ಕಾಣ್ತದಾ?"