ಹಿಂದೆ ಸರಿದ ಧ್ವಜಕಂಬ

"ಹಳೆಯ ಊರು ಅಲ್ಲಿದೆ," ಎಂದು ಇಂಗ್ರಿಡ್ ಕೈ ತೋರಿಸಿದ ಕಡೆ ಸಮುದ್ರವಿತ್ತು. ಮಧ್ಯಯುಗದಲ್ಲಿ ಅಲ್ಲೊಂದು ಮೀನುಗಾರರ ಹಳ್ಳಿ, ಚರ್ಚು, ಸ್ಮಶಾನ ಇದ್ದವಂತೆ. ನಾಳೆ ಮೋಡವಿರುತ್ತದೆ ಎನ್ನುವಷ್ಟೇ ತಣ್ಣಗೆ ಹೇಳಿದರು.

ನಾವು ಅವರ ಮನೆ ಕೊಳ್ಳಲು ಬಂದವರು. ಈ ದೇಶಕ್ಕೆ ಬಂದ ಮೇಲೆ ನಾರ್‌ಶೋಪಿಂಗ್ ನಗರದಲ್ಲಿ ಮೂರು ವರ್ಷಕ್ಕೆ ನಾಲ್ಕು ಬಾಡಿಗೆ ಮನೆ ಬದಲಿಸಿದ್ದೆವು. ಪತ್ನಿ ವಿದ್ಯಾಗೆ ದಕ್ಷಿಣದ ಸ್ಕೋನೆ ಪ್ರಾಂತಕ್ಕೆ ವರ್ಗವಾದಾಗ, ಇನ್ನು ಸ್ವಂತ ಮನೆಯೇ ಎಂದು ನಿರ್ಧರಿಸಿದೆವು. ಮಾರಾಟದ ಮನೆಯನ್ನು ಇಲ್ಲಿ ಭಾನುವಾರ ಎಲ್ಲರಿಗೂ ತೆರೆದಿಡುತ್ತಾರೆ. ಅದಕ್ಕೆ 'ವಿಸ್ನಿಂಗ್' ಎನ್ನುತ್ತಾರೆ. ಮಾಲೀಕರು ಸಾಮಾನ್ಯವಾಗಿ ಇರುವುದಿಲ್ಲ. ಇಂಗ್ರಿಡ್ ಇದ್ದರು, ಕಾಫಿ ಮತ್ತು ದಾಲ್ಚಿನ್ನಿ ಬನ್ ಸಮೇತ. ನನಗೆ ಅನುಮಾನ ಬಂದದ್ದು ಅಲ್ಲೇ.

ನಾನು ಉಳ್ಳಾಲದವನು. ಮಂಗಳೂರಿನ ಪತ್ರಿಕೆಯಲ್ಲಿದ್ದಾಗ ಪ್ರತಿ ಮಳೆಗಾಲ ಕಡಲ್ಕೊರೆತದ ವರದಿ ಬರೆದಿದ್ದೇನೆ. ನಮ್ಮಲ್ಲಿ ಅದನ್ನು ಯಾರೂ ಮೀಟರಿನಲ್ಲಿ ಹೇಳುವುದಿಲ್ಲ. ಈ ಸಲ ಎರಡು ಸಾಲು ತೆಂಗು ಹೋಯಿತು ಎನ್ನುತ್ತಾರೆ. ಇಲ್ಲಿ ತೆಂಗಿಲ್ಲ. ಎಣಿಸಲು ಬೇರೇನಾದರೂ ಸಿಕ್ಕೀತೆಂದು ಹಿತ್ತಲಿಗೆ ಇಳಿದೆ.

"ಶುರುವಾಯ್ತು ಇನ್ಸ್‌ಪೆಕ್ಷನ್," ಎಂದಳು ವಿದ್ಯಾ. "ರೀ, ಆ ಬನ್ನೊಳಗೂ ಏನೋ ಮುಚ್ಚಿಟ್ಟಿದ್ದಾರೆ ಅನ್ಸುತ್ತಾ?"

ಇಲ್ಲಿನ ಮನೆಗಳಲ್ಲಿ ಧ್ವಜಕಂಬ ಹುಲ್ಲಿನಂಗಳದ ನಡುವೆ ನಿಂತಿರುತ್ತದೆ. ಇದು ಅಡುಗೆಮನೆಯ ಕಿಟಕಿಗೆ ಅಂಟಿಕೊಂಡಿತ್ತು. ಸಮುದ್ರದ ಕಡೆ ನಡೆದೆ. ಹುಲ್ಲಿನಲ್ಲಿ ಕಂಬ ನೆಡುವ ಕಾಂಕ್ರೀಟ್ ಬುಡ. ಮುಂದೆ ಇನ್ನೊಂದು. ಮೂರನೆಯದು ಹಿತ್ತಲು ಮುಗಿಯುವ ದಿಬ್ಬದ ಅಂಚಿನಿಂದ ಅರ್ಧ ಹೊರಚಾಚಿತ್ತು.

ಒಳಗೆ ಬಂದು ಕೇಳಿದೆ: "ಕಂಬವನ್ನು ಮೂರು ಸಲ ಹಿಂದಕ್ಕೆ ತಂದಿದ್ದೀರಿ, ಅಲ್ಲವೆ?"

"ನಾಲ್ಕು ಸಲ," ಎಂದರು ಇಂಗ್ರಿಡ್. "ಮೊದಲ ಬುಡ ಈಗ ಕಾಣುವುದಿಲ್ಲ."

"ಜಾಹೀರಾತಿನಲ್ಲಿ ಇದು ಇರಲಿಲ್ಲ."

"ನೀವಾಗಿ ಹೇಳಬೇಡಿ ಎಂದಿದ್ದಾನೆ ಬ್ರೋಕರ್. ಕೇಳಿದರೆ ಸುಳ್ಳು ಹೇಳುವುದಿಲ್ಲ ಎಂದೆ. ಬಂದವರಿಗೆಲ್ಲ ಹಳೆಯ ಊರು ತೋರಿಸಿದೆ. ಎಲ್ಲರೂ ಒಲೆಯ ಬಗ್ಗೆ ಕೇಳಿದರು."

ನನಗೆ ಹೇಗೆ ಗೊತ್ತಾಯಿತೆಂದು ಕೇಳಿದರು. ಫೋನಿನ ನಕ್ಷೆಯಲ್ಲಿ ನಾನು ಹುಟ್ಟಿದ ಮನೆಯ ಜಾಗ ತೋರಿಸಿದೆ. ಅಲ್ಲಿ ಬರೀ ನೀಲಿ. ಅವರು ಇನ್ನಷ್ಟು ಕಾಫಿ ಬಗ್ಗಿಸಿದರು.

ನಾವೀಗ ಪೇಟೆಯೊಳಗೆ, ಐದನೆಯ ಬಾಡಿಗೆ ಮನೆಯಲ್ಲಿದ್ದೇವೆ. ಒಲೆಯ ಬಗ್ಗೆ ಕೇಳಿದವರಲ್ಲಿ ಯಾರೋ ಆ ಮನೆ ಕೊಂಡಿರಬೇಕು. ಆಗಾಗ ಬಸ್ಸು ಹಿಡಿದು ಹೋಗಿ ನೋಡುತ್ತೇನೆ. ಹೊಸ ಮಾಲೀಕರು ಕಂಬವನ್ನು ಮತ್ತೆ ಅಂಗಳದ ನಡುವೆ ನೆಟ್ಟಿದ್ದಾರೆ.

ಉಳ್ಳಾಲದ ಅಕ್ಕನಿಗೆ ಫೋನ್ ಮಾಡಿದಾಗ ನಾನು ಮೊದಲು ಕೇಳುವುದು ಅವಳ ಹಿತ್ತಲಿನ ತೆಂಗಿನ ಸಾಲುಗಳು ಎಷ್ಟು ಉಳಿದಿವೆ ಎಂದು. ಹೇಳಿ ಮುಗಿಸಿ ಅವಳು ಕೇಳುತ್ತಾಳೆ: "ಅಲ್ಲಿ ನಿನ್ನ ಕಂಬ ಉಂಟಾ ಮಾರಾಯ?"

ನನ್ನದಲ್ಲ ಎಂದು ನಾನು ತಿದ್ದುವುದಿಲ್ಲ. "ಸದ್ಯಕ್ಕೆ ಉಂಟು ಅಕ್ಕ," ಎನ್ನುತ್ತೇನೆ.